ರದ್ದಕ್ಕನ ಎರಡನೆಯ ಪ್ರಕಟಣೆ

ನಮ್ಮ ಅತ್ತಿಗೆಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆಯೇ ಇದೆ. ಬಸ್ ನಿಲ್ದಾಣದ ಮಂದಿ ಇಟ್ಟ ಹೆಸರು ರದ್ದಕ್ಕ. ಮೊದಲನೆಯದನ್ನು ಇಡುವಾಗ ನೆಂಟರೆಲ್ಲ ಕೂತು ವಾರಗಟ್ಟಲೆ ಚರ್ಚಿಸಿದ್ದರಂತೆ. ಎರಡನೆಯದಕ್ಕೆ ಒಂದು ಸಂಜೆ ಸಾಕಾಯಿತು.

ಅತ್ತಿಗೆಯ ಕೆಲಸ ನಿಲ್ದಾಣದ ಕಳೆದ ವಸ್ತುಗಳ ಕೌಂಟರಿನಲ್ಲಿ. ಪ್ರಯಾಣಿಕರು ಬಿಟ್ಟುಹೋದ ಕೊಡೆ, ಟಿಫಿನ್ ಡಬ್ಬಿ, ಒಂಟಿ ಚಪ್ಪಲಿ, ಒಮ್ಮೆ ಗಾಜಿನ ಲೋಟದಲ್ಲಿ ನಗುತ್ತಿದ್ದ ಹಲ್ಲಿನ ಸೆಟ್ಟು, ಎಲ್ಲಕ್ಕೂ ಚೀಟಿ ಅಂಟಿಸಿ ಕಪಾಟಿನಲ್ಲಿಟ್ಟು ವಾರಸುದಾರರಿಗಾಗಿ ಕಾಯುವುದು. ಆ ಕೌಂಟರಿನ ನೆತ್ತಿಯ ಮೇಲೇ ಗಾಜಿನ ಗೂಡಿನಂಥ ಪ್ರಕಟಣೆ ಕೋಣೆ. ಅಲ್ಲಿ ಕೂತು ಬಸ್ಸು ಬಂತು, ಬಸ್ಸು ಹೊರಟಿತು ಎಂದು ಮೈಕಿನಲ್ಲಿ ಹೇಳುವವರಿಗೆ ಎಲ್ಲರೂ ಗಂಟಲಣ್ಣ ಅನ್ನುತ್ತಿದ್ದರು. ಆ ಸಂಜೆ ಗಂಟಲಣ್ಣನ ಗಂಟಲೇ ಕೈಕೊಟ್ಟಿತ್ತು. "ಕೆಳಗಡೆ ಇರೋರಲ್ಲಿ ಯಾರದಾದ್ರೂ ದನಿ ಚೆನ್ನಾಗಿದ್ರೆ ಕಳಿಸಿ" ಅಂದರು. ಅತ್ತಿಗೆ ಹತ್ತಿ ಕೂತರು.

ಅರ್ಧ ಗಂಟೆ ಎಲ್ಲವೂ ಸರಿಯಾಗಿತ್ತು. ಆಮೇಲೆ ಕಂಟ್ರೋಲ್ ರೂಮಿನಿಂದ ಇಂಗ್ಲಿಷಿನಲ್ಲಿ ಒಂದು ಫೋನು: ಸೇತುವೆ ತಪಾಸಣೆ ನಡೆದಿದೆ, ಆ ಕಡೆಯ ಬಸ್ಸುಗಳು ಸಸ್ಪೆಂಡ್. ಅತ್ತಿಗೆಗೆ ಸಸ್ಪೆಂಡ್ ಅಂದರೆ ಗೊತ್ತಿದ್ದದ್ದು ಒಂದೇ ಅರ್ಥ. ಹಿಂದೊಮ್ಮೆ ಡಿಪೋದ ಸ್ಟೋರ್‌ಕೀಪರ್ ಸಸ್ಪೆಂಡ್ ಆಗಿ ಮತ್ತೆ ಆ ಕಡೆ ತಲೆ ಹಾಕಿರಲಿಲ್ಲ. ಅಂದಮೇಲೆ ಬಸ್ಸೂ ಅಷ್ಟೇ, ಹೋಯಿತು, ಮುಗಿಯಿತು. "ಸೇತುವೆ ಮಾರ್ಗದ ಎಲ್ಲಾ ಬಸ್ಸುಗಳು ರದ್ದಾಗಿವೆ" ಎಂದು ಜೇನಿನಂಥ ದನಿಯಲ್ಲಿ ಸಾರಿದರು. ಸಾಲದ್ದಕ್ಕೆ ಮನಸ್ಸು ತಡೆಯದೆ "ಕತ್ತಲಾಗೋಕೆ ಮುಂಚೆ ಹುಷಾರಾಗಿ ಮನೆ ಸೇರಿಕೊಳ್ಳಿ" ಎಂದು ಸ್ವಂತದ್ದೊಂದು ಸಾಲನ್ನೂ ಸೇರಿಸಿದರು.

ಜನ ಹುಷಾರಾಗಿ ಮನೆ ಸೇರಿಕೊಂಡರು. ತಪಾಸಣೆ ಬೇಗನೇ ಮುಗಿದು, ನಿಂತಿದ್ದ ಬಸ್ಸು ಖಾಲಿ ಸೀಟುಗಳನ್ನು ಹೊತ್ತುಕೊಂಡು ಹೊರಟಿತು. ಹೊಳೆಯಾಚೆಯ ಶಾಲೆಯ ಕ್ರೀಡಾಕೂಟಕ್ಕೆ ಬಾರಿಸಬೇಕಿದ್ದ ಬ್ಯಾಂಡ್ ತಂಡದವರು ಮನೆಯಲ್ಲಿ ಕಾಲು ಚಾಚಿದ್ದರು. ಮೊದಲೇ ಬಸ್ಸಿನ ಮೇಲೆ ಏರಿಸಿದ್ದ ಅವರ ತುತ್ತೂರಿ ಮಾತ್ರ ಒಂಟಿಯಾಗಿ ಹೊಳೆ ದಾಟಿತು. ಮರುದಿನ ವಾರಸುದಾರರಿಲ್ಲದ ವಸ್ತುವಾಗಿ ಅದು ಬಂದು ಕೂತದ್ದು ಅತ್ತಿಗೆಯ ಕೌಂಟರಿನ ಮೇಲೇ. ಚೀಟಿ ಅಂಟಿಸಬೇಕಾದವರೂ ಅವರೇ.

ಹೆಸರು ಅಂಟಿದ್ದು ಹಾಗೆ. ಹೆಸರಾದರೂ ಹೋಗಲಿ, ಅದಕ್ಕಿಂತ ಕೆಟ್ಟದ್ದೊಂದು ಶುರುವಾಯಿತು. ಅತ್ತಿಗೆ ಏನು ಹೇಳಿದರೂ ಜನ ಇನ್ನೊಬ್ಬರನ್ನು ಕೇಳಿ ಖಾತ್ರಿ ಮಾಡಿಕೊಳ್ಳತೊಡಗಿದರು. "ನಿಮ್ಮ ಬಸ್ಸು ಅಲ್ಲಿ ನಿಂತಿದೆ ನೋಡಿ" ಎಂದು ಕೈ ತೋರಿಸಿದರೆ, ಆ ಬಸ್ಸನ್ನು ಕಣ್ಣಾರೆ ನೋಡುತ್ತಲೇ "ಹೌದಾ?" ಎಂದು ವಿಚಾರಣೆ ಕಿಂಡಿಗೆ ಹೋಗುತ್ತಿದ್ದರು.

ಗಂಟಲಣ್ಣ ನಿವೃತ್ತರಾಗುವ ಸುದ್ದಿ ಬಂದದ್ದು ಇದೇ ಹೊತ್ತಿಗೆ. ಆ ಜಾಗಕ್ಕೆ ನಿಲ್ದಾಣದ ಸಿಬ್ಬಂದಿಯಲ್ಲೇ ಒಬ್ಬರನ್ನು ಆರಿಸುವುದೆಂದೂ ಅದಕ್ಕೊಂದು ಪರೀಕ್ಷೆ ಇದೆಯೆಂದೂ ಹೊಸ ಸೂಪರಿಂಟೆಂಡೆಂಟ್ ಮೇಡಂ ನೋಟೀಸು ಹಾಕಿದರು. ಪರೀಕ್ಷೆಯಲ್ಲಿ ಪ್ರಕಟಣೆ ಓದುವುದಲ್ಲದೆ ಇನ್ನೊಂದು ಸುತ್ತು: ಒಂದರಂತೆ ಇನ್ನೊಂದು ಕಾಣುವ ಇಂಗ್ಲಿಷ್ ಪದಗಳ ಜೋಡಿ ಕೊಡುತ್ತಾರೆ, ವ್ಯತ್ಯಾಸವನ್ನು ಪ್ರಯಾಣಿಕರಿಗೆ ಅರ್ಥವಾಗುವ ಮಾತಿನಲ್ಲಿ ಹೇಳಬೇಕು. ಈ ಸುತ್ತು ಯಾರಿಂದಾಗಿ ಹುಟ್ಟಿತು ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ನೋಟೀಸು ಓದಿದವರೆಲ್ಲ ಒಂದು ಸಲ ಅತ್ತಿಗೆಯ ಕೌಂಟರಿನ ಕಡೆ ನೋಡಿ ಹೋದರು, ಅಷ್ಟೆ.

ಆ ಸಂಜೆ ಮನೆಗೆ ಬಂದವರೇ ಚಪ್ಪಲಿ ಬಿಡುವ ಮುಂಚೆಯೇ ಅಂದರು, "ನಾನು ಅರ್ಜಿ ಹಾಕಿ ಬಂದೆ."

ಅಪ್ಪ ಪೇಪರಿನಿಂದ ತಲೆ ಎತ್ತಿದರು. ಅಪ್ಪ ಅದೇ ಡಿಪೋದಲ್ಲಿ ಡ್ರೈವರಾಗಿ ನಿವೃತ್ತರಾದವರು. ಈಗಲೂ ಮಾತು ಶುರುಮಾಡುವ ಮುಂಚೆ ಎಡಗೈ ತಾನಾಗಿ ಗೇರು ಹಾಕುತ್ತದೆ.

"ಯಾವುದಕ್ಕಮ್ಮಾ?"

"ಗಂಟಲಣ್ಣನ ಜಾಗಕ್ಕೆ ಮಾವ."

ಗೇರು ಬಿತ್ತು. "ಬೇಡ ತಾಯಿ. ನಾನು ಅಷ್ಟು ವರ್ಷ ಓಡಿಸಿದ ಸ್ಟ್ಯಾಂಡದು. ಸಂಜೆ ಟೀ ಕುಡಿಯೋಕೆ ಹೋದ್ರೆ ಹಳೇ ಕಂಡಕ್ಟರುಗಳು, 'ಏನಣ್ಣಾ, ನಿಮ್ಮ ಟೀ ರದ್ದಾ, ಬಿಸಿ ಇದೆಯಾ' ಅಂತ ಕೇಳ್ತಾರೆ. ಈಗ ಟೀ ಬಿಟ್ಟೇಬಿಟ್ಟಿದೀನಿ. ಇನ್ನೊಂದ್ಸಲ ಏನಾದ್ರೂ ಆದ್ರೆ ನೀರೂ ಬಿಡಬೇಕಾಗುತ್ತೆ. ಇದೆಲ್ಲ ಸುಮ್ಮನೆ ಹಠ."

"ಹಠ ಅಲ್ಲ ಮಾವ," ಅತ್ತಿಗೆ ಚಪ್ಪಲಿ ಬಿಟ್ಟು ಒಳಗೆ ಬಂದರು. "ಅಲ್ಲಿ ಕೂತೇ ಕಳಕೊಂಡಿದ್ದು. ಅಲ್ಲೇ ಕೂತು ವಾಪಸ್ ತಗೋಬೇಕು. ಕಳೆದ ವಸ್ತು ಕೌಂಟರಿನ ನಿಯಮವೇ ಅದಲ್ವಾ, ವಾರಸುದಾರರು ಖುದ್ದಾಗಿ ಬರಬೇಕು?"

ಅಪ್ಪ ಪೇಪರಿನ ಹಿಂದಕ್ಕೆ ಸರಿದರು. ಅತ್ತಿಗೆ ನನ್ನ ಕಡೆ ತಿರುಗಿದರು. "ಮೇಷ್ಟ್ರೇ, ನಾಳೆಯಿಂದ ಪಾಠ."

ನಾನು ಟ್ಯುಟೋರಿಯಲ್ಲಿನಲ್ಲಿ ಇಂಗ್ಲಿಷ್ ಹೇಳಿಕೊಡುತ್ತೇನೆ. ಕಾಲೇಜಿನ ದಿನಗಳಿಂದಲೂ ನನಗೆ ಬೇರೆಯವರ ದನಿ ಕದಿಯುವ ಚಟ. ನಮ್ಮ ಪ್ರಾಂಶುಪಾಲರ ದನಿಯಲ್ಲಿ ಒಮ್ಮೆ ರಜೆ ಘೋಷಿಸಿ ಅರ್ಧ ಕಾಲೇಜನ್ನು ಮನೆಗೆ ಕಳಿಸಿದ್ದೆ. ಆ ಲೆಕ್ಕದಲ್ಲಿ ಈ ಮನೆಯ ಮೊದಲ ರದ್ದಣ್ಣ ನಾನೇ. ಆದರೆ ಪಾಠಕ್ಕೆ ಕೂತಾಗ ಪದವಿ ಇದ್ದವನಿಗೆ ಪದ ದಾಟಿಸಲು ಬರಲಿಲ್ಲ.

"ಕಂಟಿನ್ಯುಯಸ್ ಅಂದ್ರೆ ನಡುವೆ ಬಿಡುವೇ ಇಲ್ಲದೆ ನಡೆಯೋದು. ಕಂಟಿನ್ಯುಯಲ್ ಅಂದ್ರೆ ಬಿಟ್ಟು ಬಿಟ್ಟು ಮತ್ತೆ ಮತ್ತೆ ನಡೆಯೋದು. ಬರಕೊಳ್ಳಿ."

ಬರೆದುಕೊಂಡರು. ಬಾಯಿಪಾಠ ಮಾಡಿದರು. ಮರುದಿನ ಕೇಳಿದರೆ ಎರಡೂ ಜಾಗ ಬದಲಿಸಿಕೊಂಡಿದ್ದವು. ಮೂರನೆಯ ದಿನ ಎರಡೂ ಒಂದೇ ಆಗಿದ್ದವು.

"ಅವಳಿ ಮಕ್ಕಳ ಥರ ಕಣ್ರೀ ಇವು," ಎಂದು ಅತ್ತಿಗೆ ಪೆನ್ನು ಕೆಳಗಿಟ್ಟರು. "ಒಂದೇ ಅಂಗಿ, ಒಂದೇ ಕ್ರಾಪು. ನೀವು ಹೆತ್ತೋರ ಹಾಗೆ ಗುರುತು ಹಿಡೀತೀರಿ. ನಾನು ಬೀದಿಯಲ್ಲಿ ನೋಡಿದೋಳು, ಹೇಗೆ ಹಿಡೀಲಿ?"

ಅಷ್ಟರಲ್ಲಿ ನಡುಮನೆಯಲ್ಲಿ ಅಪ್ಪ ಕೆಮ್ಮಿದರು. ಸ್ವಲ್ಪ ಹೊತ್ತು ಸದ್ದಿಲ್ಲ. ಮತ್ತೆ ಕೆಮ್ಮಿದರು. ಅಪ್ಪನ ಕೆಮ್ಮು ಔಷಧಿಯಿಂದ ಕಮ್ಮಿಯಾಗುವಂಥದ್ದಲ್ಲ. ಅದು ಎಂಜಿನ್ ಸ್ಟಾರ್ಟ್ ಆದ ಹಾಗೆ ಎರಡು ಸಣ್ಣ ಗೊರಗೊರ, ಒಂದು ದೊಡ್ಡ ಘರ್ರ್, ಕೊನೆಗೆ "ಹ್ಞಾ" ಎಂಬ ಹಾರನ್ನು. ನನಗೆ ಚಟ ತಡೆಯಲಿಲ್ಲ. ಟವೆಲ್ಲನ್ನು ಹೆಗಲಿಗೆ ಹಾಕಿ, ಎಡಗೈಯಲ್ಲಿ ಗೇರು ಎಳೆದು, ಹಾಗೇ ಕೆಮ್ಮಿದೆ. ನಿಲ್ಲಿಸಿದೆ. ಗಡಿಯಾರ ನೋಡಿದೆ. ಮತ್ತೆ ಕೆಮ್ಮಿದೆ.

"ಕಂಟಿನ್ಯುಯಲ್," ಅಂದೆ.

ಅತ್ತಿಗೆ ಬಾಯಿಗೆ ಸೆರಗು ಒತ್ತಿಕೊಂಡರು. ಭುಜ ಕುಣಿಯುತ್ತಿತ್ತು. "ಹಾಗಾದ್ರೆ ಕಂಟಿನ್ಯುಯಸ್ಸು?"

ನಾನು ಚಮಚವನ್ನು ಫೋನಿನಂತೆ ಕಿವಿಗಿಟ್ಟೆ. ಅಮ್ಮ ತನ್ನ ತಂಗಿಯ ಜೊತೆ ಮಾತಾಡುವ ಪರಿ: "ಅಲ್ವೇ ನಾನು ಹೇಳ್ತೀನಿ ಕೇಳು ಅವಳು ಬಂದ್ಲಾ ಬಂದೋಳು ಕೂತ್ಲಾ ಕೂತೋಳು ಏನಂದ್ಲು ಗೊತ್ತಾ ನಿಂಗೆ ಹೇಗೆ ಗೊತ್ತಿರುತ್ತೆ ನಾನಿನ್ನೂ ಹೇಳೇ ಇಲ್ವಲ್ಲ ಅದಕ್ಕೆ ನಾನಂದೆ..."

"ಅತ್ತೆ ಉಸಿರು ತಗೊಳ್ಳೋದು ಯಾವಾಗ?"

"ಆ ಕಡೆಯಿಂದ ಹಲೋ ಅಂದಾಗ. ಮಧ್ಯದಲ್ಲಿ ಉಸಿರಿದ್ರೆ ಅದು ಕಂಟಿನ್ಯುಯಲ್ ಆಗಿಬಿಡುತ್ತೆ."

ಮರುದಿನ ಕೇಳಿದೆ. ಅತ್ತಿಗೆ ಯೋಚಿಸಲೂ ಇಲ್ಲ. ಎಡಗೈ ಗೇರಿಗೆ ಹೋಯಿತು, ಗೊರಗೊರ ಎಂದಿತು, ಘರ್ರ್ ಎಂದಿತು. ಕೊನೆಯ "ಹ್ಞಾ" ನನ್ನದಕ್ಕಿಂತ ಸೊಗಸಾಗಿತ್ತು. ದಿನವಿಡೀ ಕೌಂಟರಿನಲ್ಲಿ ಕೂತು ನೂರು ಥರದ ಜನ ತಮ್ಮ ಕಳೆದ ಕೊಡೆಯನ್ನು ಬಣ್ಣಿಸುವುದನ್ನು ಕೇಳಿದವರ ಕಿವಿ ಅದು. ಶಿಷ್ಯೆ ಗುರುವನ್ನು ಹಿಂದೆ ಹಾಕಿ ಇಂಡಿಕೇಟರನ್ನೂ ಹಾಕದೆ ಮುಂದೆ ಹೋಗಿದ್ದರು.

ಅಂದಿನಿಂದ ನಮ್ಮ ಅಡುಗೆಮನೆಯಲ್ಲಿ ಪಿಸುದನಿಯ ನಾಟಕ ಕಂಪನಿ ಶುರು. ಎಕನಾಮಿಕ್ ಅಂದರೆ ಟಿವಿಯಲ್ಲಿ ಟೈ ಬಿಗಿದುಕೊಂಡು ದೇಶದ ಹಣಕಾಸಿನ ಬಗ್ಗೆ ಕಣ್ಣು ಕೆಂಪು ಮಾಡುವವನು. ಎಕನಾಮಿಕಲ್ ಅಂದರೆ ಟೂತ್‌ಪೇಸ್ಟಿನ ಟ್ಯೂಬನ್ನು ಕತ್ತರಿಯಿಂದ ಸೀಳಿ, ಒಳಗಿನದನ್ನು ಬಳಿದು ಮತ್ತೆರಡು ದಿನ ತಳ್ಳುವ ಅಮ್ಮ. ಬಾರೋ ಮತ್ತು ಲೆಂಡ್‌ಗೆ ನಮ್ಮ ಏಣಿ ಕೇಳಿ ಒಯ್ದು ವಾಪಸ್ ಕೊಡದ ಪಕ್ಕದ ಮನೆಯ ಏಣಿ ಆಂಟಿ. "ಆಂಟಿ ಇಸ್ಕೊಳ್ಳೋದು ಬಾರೋ, ನಾವು ಕೊಡೋದು ಲೆಂಡು. ಅವರು 'ಬಾರೋ ಏಣಿ, ಬಾರೋ' ಅಂತ ಕರೀತಾರೆ, ಅದು ಹೋಗುತ್ತೆ. ನಾವು 'ಬಾರೋ' ಅಂದ್ರೆ ವಾಪಸ್ ಬರಲ್ಲ, ಅಷ್ಟೇ ವ್ಯತ್ಯಾಸ." ಚೈಲ್ಡಿಶ್ ಅನ್ನುವುದಕ್ಕೆ ಒಂದು ಉದಾಹರಣೆ ಹುಡುಕೋಣ ಅಂದಾಗ ಅತ್ತಿಗೆ ಏನೂ ಹೇಳದೆ ನನ್ನನ್ನೇ ನೋಡಿದರು.

ನಮಗೆ ತೀರಾ ಹಿಡಿಸಿದ್ದು ಸೆನ್ಸಿಬಲ್ ಮತ್ತು ಸೆನ್ಸಿಟಿವ್. ಮನೆಯಲ್ಲಿ ಒಂದು ತಟ್ಟೆ ಬಿದ್ದು ಒಡೆಯುತ್ತದೆ. ಅಣ್ಣ, ಅಂದರೆ ಅತ್ತಿಗೆಯ ಗಂಡ, ಡಿಪೋದ ಮೆಕ್ಯಾನಿಕ್ಕು, ಮಾತಾಡದೆ ಪೊರಕೆ ತರುತ್ತಾನೆ. ಅವನು ಸೆನ್ಸಿಬಲ್. ಅಪ್ಪ ಗೇರು ಹಾಕುತ್ತಾರೆ: "ನನ್ನ ತಟ್ಟೆಯೇ ಯಾಕೆ ಒಡೀಬೇಕು? ಗೊತ್ತಾಯ್ತು ಬಿಡಿ. ಈ ಮನೆಗೆ ನಾನು ಭಾರ ಆದೆ." ಅಪ್ಪ ಸೆನ್ಸಿಟಿವ್. ಅತ್ತಿಗೆ "ಭಾರ ಆದೆ" ಅನ್ನುವಾಗ ಕೆಳತುಟಿ ಅಪ್ಪನದರ ಹಾಗೇ ಮುಂದಕ್ಕೆ ಬರುತ್ತಿತ್ತು. ನಾನು ಸಿಂಕು ಹಿಡಿದುಕೊಂಡು ನಗುತ್ತಿದ್ದೆ.

ನಗು ನಿಂತದ್ದು ಪರೀಕ್ಷೆ ಹತ್ತಿರ ಬಂದಾಗ. "ಈಗ ಅಭಿನಯ ಬಿಟ್ಟು ಬರೀ ಮಾತಲ್ಲಿ ಹೇಳಿ" ಅಂದೆ. ಅತ್ತಿಗೆ ಕೈಕಟ್ಟಿ ಕೂತರು. ಬಾಯಿಯೂ ಕಟ್ಟಿತು. ಗೇರು ಹಾಕದಿದ್ದರೆ ಪದ ಮುಂದಕ್ಕೆ ಹೋಗುತ್ತಿರಲಿಲ್ಲ. ಕೆಮ್ಮದಿದ್ದರೆ ಕಂಟಿನ್ಯುಯಲ್ ಬರುತ್ತಿರಲಿಲ್ಲ. ಅರ್ಥ ಅವರ ತಲೆಯಲ್ಲಿ ಇರಲಿಲ್ಲ, ಅಪ್ಪನ ಗಂಟಲಲ್ಲಿ, ಅಮ್ಮನ ಫೋನಿನಲ್ಲಿ, ಆಂಟಿಯ ಏಣಿಯ ಮೇಲೆ ಇತ್ತು.

"ಅತ್ತಿಗೆ, ಇದು ಯಾಕೋ ಎಡವಟ್ಟಾಯ್ತು. ಮೊದಲಿಂದ ಶುರು ಮಾಡೋಣ್ವಾ?"

"ಟೈಮೆಲ್ಲಿದೆ?" ಅತ್ತಿಗೆ ಎದ್ದು ಸೊಂಟಕ್ಕೆ ಸೆರಗು ಸಿಕ್ಕಿಸಿದರು. "ನೀವು ಕೂತ್ಕೊಳ್ಳಿ. ಒಂದೊಂದೇ ಕೇಳ್ತಾ ಹೋಗಿ. ಗೋಡೆ ಕಡೆ ತಿರುಗಿ ನಿಂತು ಹೇಳ್ತೀನಿ. ಯಾರ ಮುಖಾನೂ ನೆನಪಿಗೆ ಬರಬಾರದು."

ಗೋಡೆಗೆ ಮುಖ ಮಾಡಿ ಹೇಳಿದರು. ತಪ್ಪಿತು. ಮತ್ತೆ ಹೇಳಿದರು. ಏಣಿ ಆಂಟಿ ಹೋಗಿ ಪದ ಉಳಿಯಿತು. ಟೂತ್‌ಪೇಸ್ಟು ಹೋಗಿ ಪದ ಉಳಿಯಿತು. ಎಷ್ಟು ಒದ್ದಾಡಿದರೂ ಅಪ್ಪ ಮಾತ್ರ ಹೋಗಲೊಲ್ಲರು. ಕಂಟಿನ್ಯುಯಲ್, ಸೆನ್ಸಿಟಿವ್ ಎರಡಕ್ಕೂ ಎಡಗೈ ತಾನಾಗಿ ಏಳುತ್ತಿತ್ತು.

"ಪರವಾಗಿಲ್ಲ. ಗಾಜಿನ ಕೋಣೆಯಲ್ಲಿ ನಾನೊಬ್ಬಳೇ ಇರೋದು. ಕೈ ಎದ್ರೆ ಏಳಲಿ, ದನಿ ಏಳದಿದ್ರೆ ಸಾಕು," ಅಂದರು ಅತ್ತಿಗೆ. "ಅದೂ ಅಲ್ದೆ ಮಾವ ಸ್ಟ್ಯಾಂಡಿಗೆ ಬರೋದೇ ಬಿಟ್ಟಿದಾರಲ್ಲ."

ಪರೀಕ್ಷೆಯ ಮಧ್ಯಾಹ್ನ ನಾವು ಹೊರಟಾಗ ಅಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಾಗಿಲಲ್ಲಿ ನಿಂತಿದ್ದರು.

"ನೀವೆಲ್ಲಿಗಪ್ಪಾ?"

"ಸ್ಟ್ಯಾಂಡಿಗೆ."

"ನೀವು ಅಲ್ಲಿಗೆ ಬರಲ್ಲ ಅಂತಿದ್ರಲ್ಲ?"

"ನಾನು ಬಿಟ್ಟಿರೋದು ಟೀ. ಸ್ಟ್ಯಾಂಡಲ್ಲ," ಎಂದು ಅಪ್ಪ ಮುಂದೆ ನಡೆದರು. ಅತ್ತಿಗೆ ನನ್ನ ಮುಖ ನೋಡಿದರು, ನಾನು ರಸ್ತೆ ನೋಡಿದೆ.

ನಿಲ್ದಾಣದಲ್ಲಿ ನಮಗೆ ಎರಡನೆಯ ಪೆಟ್ಟು ಕಾದಿತ್ತು. ಗಾಜಿನ ಕೋಣೆಯ ದನಿ ಕಚೇರಿಯೊಳಗೆ ಮಾತ್ರ ಕೇಳುತ್ತದೆ, ಕೇಳುವವರು ನಾಲ್ಕು ಜನ ಅಂದುಕೊಂಡಿದ್ದೆವು. ಸೂಪರಿಂಟೆಂಡೆಂಟ್ ಮೇಡಂ ಮಾತ್ರ ಕೊನೆಯ, ಅಂದರೆ ಐದನೆಯ, ಪ್ಲಾಟ್‌ಫಾರಮ್ಮಿನ ಬೆಂಚಿನಲ್ಲಿ, ಪ್ರಯಾಣಿಕರ ನಡುವೆ, ಕೈಯಲ್ಲಿ ವಾಕಿಟಾಕಿ ಹಿಡಿದು ಕೂತಿದ್ದರು. ಅಭ್ಯರ್ಥಿ ಮೇಲೆ ಗಾಜಿನ ಕೋಣೆಯಲ್ಲಿ. ಪ್ರಶ್ನೆ ವಾಕಿಟಾಕಿಯಲ್ಲಿ ಹೋಗುತ್ತದೆ, ಉತ್ತರ ನಿಲ್ದಾಣದ ಅಷ್ಟೂ ಸ್ಪೀಕರುಗಳಲ್ಲಿ ಬರುತ್ತದೆ.

"ಕೋಣೆಯೊಳಗೆ ಎಲ್ಲರ ದನಿಯೂ ಚೆನ್ನಾಗಿರುತ್ತೆ," ಎಂದು ಮೇಡಂ ಪಕ್ಕದವರಿಗೆ ವಿವರಿಸುತ್ತಿದ್ದರು. "ಎಂಜಿನ್ ಸದ್ದಿನ ಮಧ್ಯೆ, ಮಗು ಅಳ್ತಿರುವಾಗ, ಲಗೇಜ್ ಎಳೀತಿರುವಾಗ ಅರ್ಥ ಆಗಬೇಕು. ಅದಕ್ಕೇ ನಾನು ಇಲ್ಲಿ ಕೂರೋದು. ಅರ್ಥ ಆಯ್ತಾ ಅಂತ ಪ್ರಯಾಣಿಕರನ್ನೇ ಕೇಳೋದು."

ಮೊದಲು ಹೋದದ್ದು ಪಾರ್ಸೆಲ್ ವಿಭಾಗದ ಗುಮಾಸ್ತ. ರೇಡಿಯೋದಂಥ ದನಿ. ಜೋಡಿ ಪದ ಕೇಳಿದ ಕೂಡಲೇ ನಿಘಂಟು ತೆರೆದಂತೆ ಸುರಿಸಿದ. ಮೇಡಂ ಪಕ್ಕದಲ್ಲಿದ್ದ, ಎರಡು ದೊಡ್ಡ ಚೀಲದ ನಡುವೆ ಕೂತ ಹೆಂಗಸನ್ನು ಕೇಳಿದರು, "ಅರ್ಥ ಆಯ್ತೇನಮ್ಮಾ?"

"ಕೇಳೋಕೆ ಚೆನ್ನಾಗಿತ್ತು," ಅಂದಳು ಚೀಲದಾಕೆ.

"ಏನು ಹೇಳಿದ್ರು?"

"ಅದು ಅವರಿಗೇ ಗೊತ್ತು."

ಆಮೇಲೆ ಅತ್ತಿಗೆ. ನಾನೂ ಅಪ್ಪನೂ ಮೇಡಂ ಹಿಂದಿನ ಬೆಂಚಿನಲ್ಲಿ. ಗಾಜಿನ ಹಿಂದೆ ಅತ್ತಿಗೆಯ ಆಕೃತಿ ಸಣ್ಣದಾಗಿ ಕಾಣುತ್ತಿತ್ತು. ಓದುವ ಭಾಗ ಚೊಕ್ಕವಾಗಿ ಮುಗಿಯಿತು. ಮೇಡಂ ವಾಕಿಟಾಕಿ ಎತ್ತಿ ಸುತ್ತಿಬಳಸದೆ ಕೇಳಿದರು, "ಸಸ್ಪೆಂಡ್. ಕ್ಯಾನ್ಸಲ್."

ನಿಲ್ದಾಣದ ಹಮಾಲರು, ಟೀ ಅಂಗಡಿಯವರು ಎಲ್ಲ ಕೆಲಸ ನಿಲ್ಲಿಸಿ ತಲೆ ಎತ್ತಿದರು.

"ಸಸ್ಪೆಂಡ್ ಅಂದ್ರೆ ಬಸ್ಸು ನಿಂತಿದೆ, ಸತ್ತಿಲ್ಲ," ಎಂದಿತು ಸ್ಪೀಕರು. "ಹೊರಡುತ್ತೆ, ಯಾವಾಗ ಅಂತ ಹೇಳ್ತೀವಿ, ಎಲ್ಲೂ ಹೋಗಬೇಡಿ. ಕ್ಯಾನ್ಸಲ್ ಅಂದ್ರೆ ಆ ಬಸ್ಸು ಇಲ್ಲ, ಕಾಯಬೇಡಿ."

"ಅರ್ಥ ಆಯ್ತು," ಅಂದಳು ಚೀಲದಾಕೆ ಯಾರೂ ಕೇಳುವ ಮೊದಲೇ.

ಅಲ್ಲಿಗೆ ಬಿಟ್ಟಿದ್ದರೆ ಚೆನ್ನಿತ್ತು. ಕಂಬಕ್ಕೆ ಒರಗಿದ್ದ ಹಮಾಲನೊಬ್ಬ ಎರಡು ಕೈ ಬಾಯಿಗಿಟ್ಟು ಕೂಗಿದ, "ಈಗ ಗೊತ್ತಾಯ್ತೇನ್ರೀ ರದ್ದಕ್ಕಾ? ಬ್ಯಾಂಡಿನೋರಿಗೆ ಹೇಳಿ ಕಳಿಸ್ಲಾ?" ಪ್ಲಾಟ್‌ಫಾರಂ ಇಡೀ ನಕ್ಕಿತು. ಅಪ್ಪನ ಕುತ್ತಿಗೆ ಅಂಗಿಯ ಕಾಲರಿನೊಳಗೆ ಇಳಿಯಿತು. ಕೂಗು ಗಾಜಿನವರೆಗೂ ಮುಟ್ಟಿತ್ತು. ಮೇಡಂ ಮುಂದಿನ ಜೋಡಿ ಕೊಟ್ಟಾಗ ಸ್ಪೀಕರಿನಿಂದ ಬರಿಯ ಗುಂಯ್ ಸದ್ದು ಬಂತು.

"ಕಂಟಿನ್ಯುಯಲ್, ಕಂಟಿನ್ಯುಯಸ್. ಕೇಳಿಸ್ತಾ?"

ಗುಂಯ್.

"ಹೇಳಿ, ಕಾಯ್ತಿದೀನಿ."

ಗೋಡೆಗೆ ಮುಖ ಮಾಡಿ ಕಲಿತದ್ದೆಲ್ಲ ಹಮಾಲನ ಒಂದು ಕೂಗಿಗೆ ಉದುರಿಹೋಗಿತ್ತು ಅಂತ ಕಾಣುತ್ತದೆ. ಗಾಜಿನ ಹಿಂದೆ ಎಡಗೈ ಎದ್ದದ್ದು ನನಗೆ ಕಂಡಿತು. ನಾನು ಕಣ್ಣು ಮುಚ್ಚಿಕೊಂಡೆ.

ನಿಲ್ದಾಣದ ಅಷ್ಟೂ ಸ್ಪೀಕರುಗಳಲ್ಲಿ ಅಪ್ಪ ಕೆಮ್ಮಿದರು. ಗೊರಗೊರ, ಘರ್ರ್, ಹ್ಞಾ. ಕಂಬದ ಮೇಲಿದ್ದ ಪಾರಿವಾಳಗಳು ಹಾರಿಹೋದವು.

ನಮ್ಮ ಬೆಂಚಿನಲ್ಲಿದ್ದ ಅಪ್ಪ ನೆಟ್ಟಗಾದರು. "ಯಾರೋ ಅದು ಕೆಮ್ಮಿದ್ದು?"

"ಸ್ಪೀಕರಪ್ಪಾ. ಹಳೇದು."

"ಸ್ಪೀಕರಲ್ಲ. ಅದು ನನ್ನ ಕೆಮ್ಮು." ಅಷ್ಟು ಹೇಳುವಷ್ಟರಲ್ಲಿ ಅವರ ಅಸಲಿ ಕೆಮ್ಮೂ ಬಂದೇಬಿಟ್ಟಿತು. ಜನ ಸ್ಪೀಕರನ್ನು ನೋಡಿದರು, ಅಪ್ಪನನ್ನು ನೋಡಿದರು, ಮತ್ತೆ ಸ್ಪೀಕರನ್ನು ನೋಡಿದರು. ಮೇಲಿನಿಂದ ಈಗ ಅಮ್ಮ ಉಸಿರು ಬಿಡದೆ ತನ್ನ ತಂಗಿಗೆ ಏನೋ ಹೇಳುತ್ತಿದ್ದಳು. ಕೊನೆಗೆ ಅತ್ತಿಗೆಯ ಸ್ವಂತ ದನಿ, ಓಡಿ ಬಂದವರಂತೆ: "ಮೊದಲನೇದು ಕಂಟಿನ್ಯುಯಲ್, ಎರಡನೇದು ಕಂಟಿನ್ಯುಯಸ್."

ಚೀಲದಾಕೆ ಕಣ್ಣೊರೆಸಿಕೊಳ್ಳುತ್ತ ಅಂದಳು, "ಅರ್ಥ ಆಯ್ತು ತಾಯಿ. ಎರಡನೇದು ನಮ್ಮ ಮನೇಲೂ ಒಬ್ಬರು ಇದಾರೆ."

ಮೇಡಂ ನಗಲಿಲ್ಲ. ಹಿಂದೆ ತಿರುಗಿ ಅಪ್ಪನನ್ನು ಒಮ್ಮೆ ನೋಡಿದರು, ವಾಕಿಟಾಕಿಯನ್ನು ಬಾಯಿಯ ಹತ್ತಿರ ತಂದರು. "ಕೇಳಿ. ಅರ್ಥ ಸರಿಯಾಗಿದೆ. ಆದ್ರೆ ನನ್ನ ಸ್ಟ್ಯಾಂಡಿನ ಸ್ಪೀಕರಲ್ಲಿ ಯಾರೂ ಕೆಮ್ಮೋ ಹಾಗಿಲ್ಲ. ಯಾರದ್ದೋ ದನೀಲಿ ಹೇಳಿದ ಮಾತನ್ನ ನಂಬಿ ಜನ ಬಸ್ ಹತ್ತಲ್ಲ. ಇನ್ನೊಂದು ಸಲ ಬೇರೆಯವರ ದನಿ ಬಂದ್ರೆ ಅಲ್ಲಿಗೆ ನಿಲ್ಲಿಸಿ ಕೆಳಗೆ ಬನ್ನಿ. ಕೊನೆಯ ಜೋಡಿ. ಸೆನ್ಸಿಬಲ್, ಸೆನ್ಸಿಟಿವ್."

ಆ ಜೋಡಿಗೆ ಅತ್ತಿಗೆಯ ಬಳಿ ಇದ್ದದ್ದು ಒಡೆದ ತಟ್ಟೆ ಮತ್ತು ಅಪ್ಪನ ಕೆಳತುಟಿ ಮಾತ್ರ. ಆ ಅಪ್ಪ ಇಲ್ಲೇ, ಹತ್ತಾರು ಜನರ ನಡುವೆ, ಅತ್ತಿಗೆಯ ಕಣ್ಣಿಗೆ ಕಾಣುವ ಹಾಗೆ ಕೂತಿದ್ದಾರೆ.

ಗಾಜಿನ ಹಿಂದೆ ಎಡಗೈ ಮತ್ತೆ ಎದ್ದಿತು, ಗಾಳಿಯಲ್ಲಿ ನಿಂತಿತು. ಅತ್ತಿಗೆ ಕೆಳಗೆ ನೋಡಿದರು. ಆಮೇಲೆ ಆ ಕೈಯನ್ನು ತೊಡೆಯ ಕೆಳಗೆ ತೂರಿಸಿ ಅದರ ಮೇಲೇ ಭಾರ ಹಾಕಿ ಕೂತರು.

"ಈ ಸ್ಟ್ಯಾಂಡಲ್ಲಿ ಒಬ್ಬಳಿದ್ದಾಳೆ," ಎಂದಿತು ಸ್ಪೀಕರು. ಯಾರ ದನಿಯೂ ಅಲ್ಲ, ಅತ್ತಿಗೆಯದೇ, ಸ್ವಲ್ಪ ಒಣಗಿದ ದನಿ. "ಅವಳನ್ನ ರದ್ದಕ್ಕ ಅಂತ ಕರೀತಾರೆ. ಕರೆದೋರು ನಕ್ಕು ಮರೀತಾರೆ. ಅವಳಿಗೆ ಪ್ರತಿ ಸಲಾನೂ ಚುರ್ ಅನ್ನುತ್ತೆ. ಈಗ ತಾನೇ ಒಂದ್ಸಲ ಅಂತು. ಅದಕ್ಕೆ ಸೆನ್ಸಿಟಿವ್ ಅಂತಾರೆ."

ಕಂಬಕ್ಕೆ ಒರಗಿದ್ದ ಹಮಾಲ ಒರಗುವುದನ್ನು ಬಿಟ್ಟ.

"ಚುರ್ ಅಂತು ಅಂತ ಅವಳು ಮನೇಲಿ ಕೂರಲಿಲ್ಲ. ಯಾರ ಮೇಲೂ ಜಗಳಕ್ಕೂ ಹೋಗಲಿಲ್ಲ. ಗೊತ್ತಿಲ್ಲದ ಪದಾನ ಗೊತ್ತಿದೆ ಅಂದ್ಕೊಂಡಿದ್ದೇ ತಪ್ಪು ಅಂತ ತಿಳಕೊಂಡಳು, ಗೊತ್ತಿದ್ದೋರನ್ನ ಕೇಳಿ ಕಲಿತಳು, ಮತ್ತೆ ಇದೇ ಮೈಕಿನ ಮುಂದೆ ಬಂದು ಕೂತಳು. ಅದಕ್ಕೆ ಸೆನ್ಸಿಬಲ್ ಅಂತಾರೆ. ಎರಡೂ ಒಬ್ಬಳಲ್ಲೇ ಇರಬಹುದು. ಎರಡೂ ಒಂದೇ ಅಲ್ಲ. ಮುಗೀತು ಮೇಡಂ."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಮೇಡಂ ಚೀಲದಾಕೆಯ ಕಡೆ ತಿರುಗಿದರು. ಆಕೆ ತಲೆ ಆಡಿಸಿದಳು.

ಅಪ್ಪ ಮಾತ್ರ ನನ್ನ ತೋಳು ಹಿಡಿದರು. ಗೇರು ಬಿತ್ತು. "ಅಲ್ವೋ, ಸೆನ್ಸಿಟಿವ್ವಿಗೆ ನನ್ನ ತಟ್ಟೆ ಕತೆ ಅಲ್ವಾ ಹೇಳಬೇಕಾಗಿದ್ದು?"

ನಾನು ಅವರ ಕಡೆ ತಿರುಗಿದೆ. "ನಿಮಗೆ... ಗೊತ್ತಿತ್ತಾ?"

"ಅಡುಗೆಮನೆಗೂ ನಡುಮನೆಗೂ ಮಧ್ಯೆ ಇರೋದು ಪರದೆ ಕಣೋ, ಗೋಡೆ ಅಲ್ಲ. ಮೊದಲ ದಿನಾನೇ ಎದ್ದು ಬಂದು ಇಬ್ಬರಿಗೂ ಬೈಬೇಕು ಅಂದ್ಕೊಂಡೆ. ಕೇಳ್ತಾ ಕೇಳ್ತಾ ನನಗೂ ಬಂತು ಕಂಟಿನ್ಯುಯಲ್ಲು. ಆಮೇಲೆ, ಅವಳಿಗೆ ಉಪಯೋಗ ಆಗ್ಲಿ ಅಂತ ದಿನಾ ನಾಲ್ಕು ಜಾಸ್ತಿನೇ ಕೆಮ್ಮಿದೀನಿ." ಅಪ್ಪನ ಕೆಳತುಟಿ ಮುಂದಕ್ಕೆ ಬಂತು. "ಇಸ್ತ್ರಿ ಅಂಗಿ ಹಾಕ್ಕೊಂಡು ಬಂದೆ. ಕೆಮ್ಮೋಕೆ ಮಾತ್ರ ನಾನು ಬೇಕು. ಒಳ್ಳೇ ಮಾತು ಹೇಳೋ ಹೊತ್ತಿಗೆ ಕೈಬಿಟ್ಟರು. ಗೊತ್ತಾಯ್ತು ಬಿಡು."

ನಾನು ಏನಾದರೂ ಹೇಳುವ ಮೊದಲೇ ಮೇಡಂ ಕೈಯಲ್ಲಿದ್ದ ವಾಕಿಟಾಕಿ ಕರಕರ ಎಂದಿತು. ಕಂಟ್ರೋಲ್ ರೂಮು. ಮೇಡಂ ಕಿವಿಗಿಟ್ಟು ಕೇಳಿದರು, ಗಂಟಲಣ್ಣನಿಗಾಗಿ ಸುತ್ತ ನೋಡಿದರು. ಗಂಟಲಣ್ಣ ಟೀ ಅಂಗಡಿಯಲ್ಲಿ ಲೋಟ ಹಿಡಿದು ನಿಂತಿದ್ದರು, ಓಡಿ ಮೇಲೆ ಹತ್ತುವಷ್ಟು ಹೊತ್ತಿರಲಿಲ್ಲ. ಮೇಡಂ ಗಾಜಿನ ಕೋಣೆಯತ್ತ ಮುಖ ಎತ್ತಿದರು.

"ಬರಕೊಳ್ಳಿ. ಬೆಟ್ಟದ ಕಡೆ ಬಸ್ಸು. ಐದನೇ ಪ್ಲಾಟ್‌ಫಾರಮ್ಮಲ್ಲಿ ಒಂದು ಬಸ್ಸು ಕೆಟ್ಟು ನಿಂತಿದೆ, ಅದಕ್ಕೇ ಇದನ್ನ ಎರಡಕ್ಕೆ ಶಿಫ್ಟ್ ಮಾಡಿದಾರೆ."

"ಮೇಡಂ, ಇದು ಪರೀಕ್ಷೆನಾ, ನಿಜವಾದ ಬಸ್ಸಾ?"

"ಬಸ್ಸು."

"ಶಿಫ್ಟ್ ಅಂದ್ರೆ ಜಾಗ ಮಾತ್ರ ಬದಲು, ಹೊರಡೋ ಹೊತ್ತು ಅದೇ ತಾನೆ?"

"ಹೊತ್ತು ಅದೇ. ಕೇಳಿದ್ದು ಒಳ್ಳೇದಾಯ್ತು."

ಸ್ಪೀಕರುಗಳು ಗಂಟಲು ಸರಿಮಾಡಿಕೊಂಡವು. "ಪ್ರಯಾಣಿಕರ ಗಮನಕ್ಕೆ. ಬೆಟ್ಟದ ಮಾರ್ಗದ ಬಸ್ಸು ಐದರ ಬದಲು ಎರಡನೇ ಪ್ಲಾಟ್‌ಫಾರಮ್ಮಿಗೆ ಬರುತ್ತದೆ. ಹೊರಡುವ ಸಮಯದಲ್ಲಿ ಬದಲಾವಣೆ ಇಲ್ಲ. ದಯವಿಟ್ಟು ಎರಡನೇ ಪ್ಲಾಟ್‌ಫಾರಮ್ಮಿಗೆ ಬನ್ನಿ." ಇಂಗ್ಲಿಷಿನಲ್ಲೂ ಹೇಳಿದರು. ಸ್ವಂತದ್ದೊಂದು ಸಾಲು ಸೇರಿಸಲಿಲ್ಲ.

ಐದನೆಯ ಪ್ಲಾಟ್‌ಫಾರಮ್ಮಿನಲ್ಲಿ ಕೂತಿದ್ದ ಜನ ಒಬ್ಬರ ಮುಖ ಒಬ್ಬರು ನೋಡಿದರು. ದನಿ ಯಾರದ್ದೆಂದು ಎಲ್ಲರಿಗೂ ಗೊತ್ತಿತ್ತು. ಒಬ್ಬರು ವಿಚಾರಣೆ ಕಿಂಡಿಯ ಕಡೆ ಕತ್ತು ಉದ್ದ ಮಾಡಿದರು. ಗಾಜಿನ ಹಿಂದೆ ಅತ್ತಿಗೆ ಎದ್ದು ನಿಂತು ಎರಡೂ ಅಂಗೈಗಳನ್ನು ಗಾಜಿಗೆ ಒತ್ತಿದ್ದರು.

ಮೊದಲು ಎದ್ದದ್ದು ಚೀಲದಾಕೆ. ಒಂದು ಚೀಲ ಹೆಗಲಿಗೆ ಹಾಕಿ, ಇನ್ನೊಂದನ್ನು ಕೈಗೆ ತೆಗೆದುಕೊಂಡು, ಯಾರನ್ನೂ ಕೇಳದೆ ಎರಡನೆಯ ಪ್ಲಾಟ್‌ಫಾರಮ್ಮಿನತ್ತ ಹೊರಟಳು. ಹಮಾಲ ಹಿಂದೆ ಓಡಿ ಕೈಯಲ್ಲಿದ್ದ ಚೀಲವನ್ನು ಇಸಿದುಕೊಂಡ. ಅವರ ಬೆನ್ನಿಗೆ ಒಂದು ಸಂಸಾರ ಎದ್ದಿತು. ಆಮೇಲೆ ಬೆಂಚಿನ ಸಾಲೇ ಎದ್ದಿತು. ಕತ್ತು ಉದ್ದ ಮಾಡಿದ್ದವರು ಕತ್ತನ್ನು ಒಳಗೆಳೆದುಕೊಂಡು ಸಾಮಾನು ಎತ್ತಿದರು.

ಅಪ್ಪನೂ ಎದ್ದು ನಡೆದರು.

"ಅಪ್ಪಾ, ಎಲ್ಲಿಗೆ? ನಾವೆಲ್ಲಿಗೂ ಹೋಗಬೇಕಾಗಿಲ್ಲ."

"ಎರಡನೇ ಪ್ಲಾಟ್‌ಫಾರಂ ಅಂತ ಹೇಳಿದ್ಲಲ್ಲೋ," ಅಪ್ಪ ನಿಲ್ಲಲಿಲ್ಲ. "ಕಿವಿ ಕೇಳಿಸಲ್ವಾ ನಿಂಗೆ?"

ಬೆಟ್ಟದ ಬಸ್ಸು ತಿರುವು ತೆಗೆದುಕೊಂಡು ಎರಡರೊಳಕ್ಕೆ ಬಂದು ನಿಂತಿತು. ಮೇಡಂ ಒಮ್ಮೆ ಬಸ್ಸನ್ನು, ಒಮ್ಮೆ ಹತ್ತುತ್ತಿದ್ದ ಸಾಲನ್ನು ನೋಡಿದರು, ಆಮೇಲೆ ವಾಕಿಟಾಕಿ ಒತ್ತಿದರು.

"ಸಾಕು, ಕೆಳಗೆ ಬನ್ನಿ. ನಾಳೆಯಿಂದ ಬೆಳಗಿನ ಪಾಳಿ ನಿಮ್ಮದು. ಹೊತ್ತಿಗೆ ಸರಿಯಾಗಿ ಇರಬೇಕು."

ಅತ್ತಿಗೆ ಮೈಕಿನ ಸ್ವಿಚ್ಚು ಆರಿಸಿರಲಿಲ್ಲ. ಉತ್ತರ ನಿಲ್ದಾಣಕ್ಕೆಲ್ಲ ಕೇಳಿಸಿತು.

"ಬರ್ತೀನಿ ಮೇಡಂ. ಮಾರ್ಕೆಟ್ ಕಡೆ ಬಸ್ಸೊಂದು ಗೇಟು ದಾಟಿ ಒಳಗೆ ಬರ್ತಾ ಇದೆ. ಅದನ್ನ ಹೇಳಿ ಬರ್ತೀನಿ."